ತಲೆ ಒಣಗಿಸುವಾಗ ಬಂದ ದೇವರು

ಕಳೆದ ತಿಂಗಳು ಒಂದು ಶುಕ್ರವಾರ ಬೆಳಿಗ್ಗೆ ಕಲ್ಯಾಣದುರ್ಗದಲ್ಲಿ ನನ್ನ ಮೈಮೇಲೆ ದೇವರು ಬಂದಿತ್ತಂತೆ. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಕಾಲ ಬಳಿ ನಿಂಬೆಹಣ್ಣು ಬಂದು ಕೂತಿತ್ತು.

ಇದಕ್ಕೆಲ್ಲ ಕಾರಣ ನನ್ನ ಕೂದಲು. ಗುಂಗುರು ಕೂದಲು, ಸೊಂಟದ ತನಕ ಇದೆ. ಐವತ್ತರ ಹತ್ತಿರ ಬರುವವರೆಗೂ ಅದನ್ನು ಎಣ್ಣೆ ಮೆತ್ತಿ, ಬಾಚಿ, ಎಳೆದು, ಬಿಗಿಯಾಗಿ ಹೆಣೆದೇ ಸಾಕಿದ್ದೆ. ಎಷ್ಟು ಬಾಚಣಿಗೆಗಳ ಹಲ್ಲು ಉದುರಿದವೋ! ಈ ವರ್ಷ ಮಗಳು ನನ್ನ ತಲೆಯನ್ನು ಒಮ್ಮೆ ದಿಟ್ಟಿಸಿ ನೋಡಿ, "ಅಮ್ಮಾ, ನಿನ್ನ ಕೂದಲು ಕೆಟ್ಟಿಲ್ಲ. ನೀನೇ ಅದನ್ನ ಕೆಡಿಸ್ತಿದೀಯ" ಅಂದಳು. ಥೇಟ್ ಡಾಕ್ಟರ್ ದನಿ. ಹೆದರಿಕೆ ನನ್ನ ಹುಟ್ಟುಗುಣ. ಅಲ್ಲೇ ಟ್ರೀಟ್‌ಮೆಂಟಿಗೆ ಒಪ್ಪಿಕೊಂಡೆ.

ಅಬ್ಬಾ, ಅದರ ಮಡಿ! ಒಣಗಿದ ಕೂದಲಿಗೆ ಬಾಚಣಿಗೆ ತಾಕಿಸುವಂತಿಲ್ಲ. ಒದ್ದೆ ಇರುವಾಗಲೇ ಕಂಡೀಷನರ್ ಹಚ್ಚಿ ಬೆರಳಲ್ಲಿ ಸಿಕ್ಕು ಬಿಡಿಸಬೇಕು. ಟರ್ಕಿ ಟವಲ್ ಮುಟ್ಟಬಾರದು, ಹಳೆಯ ಕಾಟನ್ ಟೀ ಶರ್ಟಿನಲ್ಲಿ ಮೆಲ್ಲಗೆ ಒತ್ತಬೇಕು. ಅಗಸೆ ಬೀಜ ಕುದಿಸಿ, ಸೋಸಿ, ಆ ಲೋಳೆಯನ್ನೇ ಜೆಲ್ ಅಂತ ಹಚ್ಚಬೇಕು. (ನಮ್ಮ ಯಜಮಾನರು ಒಂದು ದಿನ ಅದನ್ನು ಸೂಪ್ ಅಂದುಕೊಂಡು ಮೆಣಸಿನ ಪುಡಿ ಉದುರಿಸಿಬಿಟ್ಟರು.) ರಾತ್ರಿ ಮಲಗಲು ರೇಷ್ಮೆ ದಿಂಬು. ನಮ್ಮೂರು ಹಿಂದೂಪುರದಲ್ಲಿ ರೇಷ್ಮೆಗೆ ಬರವೇ? ಆದರೆ ಮಗ್ಗದವರ ಮನೆಗೆ ಹೋಗಿ ದಿಂಬಿನ ಚೀಲಕ್ಕೆ ರೇಷ್ಮೆ ತುಂಡು ಕೇಳಿ ನೋಡಿ. ಅವರ ಮುಖ ನೋಡಿದ ಮೇಲೆ ನಿದ್ದೆಯೇ ಬರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಘಟ್ಟ. ಜೆಲ್ ಹಚ್ಚಿದ ಮೇಲೆ ಸೊಂಟ ಬಗ್ಗಿಸಿ, ತಲೆ ಕೆಳಗೆ ಮಾಡಿ, ಕೂದಲನ್ನೆಲ್ಲ ಮುಂದಕ್ಕೆ ಇಳಿಬಿಡಬೇಕು. ಅಂಗೈಯಲ್ಲಿ ಹಿಡಿದು ಮೇಲಕ್ಕೆ ಹಿಸುಕಬೇಕು. ನಡುನಡುವೆ ತಲೆ ಒದರಬೇಕು. ಹಾಗೆ ಮಾಡಿದರೆ ಸುರುಳಿ ಸುರುಳಿಯಾಗಿ ನಿಲ್ಲುತ್ತದೆ. ನೋಡಿದವರಿಗೆ ಹೇಗೆ ಕಾಣುತ್ತದೆ ಅನ್ನುವುದನ್ನು ಮಗಳು ತೋರಿಸಿದ ವಿಡಿಯೊದಲ್ಲಿ ಯಾರೂ ಹೇಳಿರಲಿಲ್ಲ.

ತಂಗಿ ಶಾರದೆಯ ಮನೆ ಕಲ್ಯಾಣದುರ್ಗದಲ್ಲಿ. ಅವಳ ಮನೆಯ ಪೂಜೆಗೆಂದು ಗುರುವಾರವೇ ಹೋಗಿದ್ದೆ. ಸಂಜೆ ಪಕ್ಕದ ಮನೆಯ ರತ್ನಮ್ಮ ಬಂದು ಹೂ ಕಟ್ಟುತ್ತಾ ಕೂತವಳು ಕಣ್ಣೊರೆಸಿಕೊಂಡಳು. ಅವಳ ಮಗಳು ಪಾರ್ವತಿಗೆ ಹಿಂದೂಪುರದಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ. ಸೋಮವಾರದೊಳಗೆ ಸೇರಬೇಕು. ರತ್ನಮ್ಮನ ಗಂಡ ಈರಣ್ಣ, ಕಡಲೆಕಾಯಿ ಎಣ್ಣೆ ಮಿಲ್ಲಿನ ಯಜಮಾನ, ಹಾಸ್ಟೆಲ್ ಅಂದರೆ ಆಗದು ಅಂತ ಕೂತಿದ್ದಾನೆ.

"ಹೇಳೀ ಹೇಳೀ ಬಾಯೆಲ್ಲ ಒಣಗೋಯ್ತು ಕಣಕ್ಕಾ," ಅಂದಳು ರತ್ನಮ್ಮ. "ನಾನ್ ಮಾತಾಡಕ್ ಸುರು ಮಾಡಿದ್ರೆ ಆವಯ್ಯ ಟೀವಿ ಸೌಂಡ್ ಜಾಸ್ತಿ ಮಾಡ್ತಾನೆ."

ಸೀಟು ಹೋದರೆ ಅಂತ ಅವಳಿಗಿಂತ ಜಾಸ್ತಿ ಹೆದರಿಕೊಂಡು ಮಲಗಿದೆ.

ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಹಿತ್ತಲಿಗೆ ಬಂದೆ. ತಂಗಿ ಬಾಳೆಎಲೆ ತರಲು ಹೋಗಿದ್ದಳು. ಒಳ್ಳೆ ಎಳೆ ಬಿಸಿಲು. ಬಗ್ಗಿದೆ, ಹಿಸುಕಿದೆ, ಒದರಿದೆ. ಕುತ್ತಿಗೆ ಹಿಡಿದುಕೊಂಡಿತು. "ಹೂಂ... ಹೂಂ..." ಅಂತ ನರಳಿದೆ. ಮೂಗಿಗೆ ಜೆಲ್ ಹೋಯಿತು. ಮೈಯೆಲ್ಲ ಜುಂ ಅಂದು ಅಲುಗಿತು.

ಮೋಟುಗೋಡೆಯ ಆಚೆ ಹಲ್ಲುಜ್ಜುತ್ತಿದ್ದ ಈರಣ್ಣನ ಕೂಗು ಕೇಳಿತು.

"ಲೇ ರತ್ನಾ! ಶಾರದಮ್ಮೋರ ಅಕ್ಕನ್ ಮೈಮೇಲೆ ಅಮ್ಮೋರು ಬಂದ್ಬುಟ್ಟವ್ರೆ ಕಣೇ! ನಿಂಬೆಹಣ್ಣು ತಗಂಡ್ ಬಾ, ಬಿರ್ನೆ!"

ಅಯ್ಯೋ ದೇವರೇ ಅಂತ ತಲೆ ಎತ್ತಬೇಕು, ಅಷ್ಟರಲ್ಲಿ ಯಾರೋ ನನ್ನ ಕಾಲಿಗೆ ಬಿದ್ದರು. ಇಳಿಬಿದ್ದ ಕೂದಲಿನ ಪರದೆಯೊಳಗೆ ರತ್ನಮ್ಮನ ಮುಖ ಕಾಣಿಸಿತು. ನಿಂಬೆಹಣ್ಣು ಇಡುತ್ತಾ ಪಿಸುಗುಟ್ಟಿದಳು. "ಅಕ್ಕಾ, ನಿಮ್ ದಮ್ಮಯ್ಯ, ತಲೆ ಎತ್ಬ್ಯಾಡಿ. ಮಗೀನ ಓದಕ್ ಕಳ್ಸು ಅನ್ನಿ, ಅಷ್ಟೇ."

ಆಗ ತಿಳಿಯಿತು. ದೇವರು ಕಂಡದ್ದು ಈರಣ್ಣನಿಗೆ ಮಾತ್ರ.

ಈರಣ್ಣ ಗೋಡೆ ದಾಟಿ ಬಂದು ಕೈಮುಗಿದ. ಆಂಧ್ರದ ಗಡಿಯ ನಮ್ಮ ಕಡೆ ಭಕ್ತಿ ಉಕ್ಕಿದರೆ ತೆಲುಗು ಹೊರಡುತ್ತದೆ. "ಚೆಪ್ಪು ತಲ್ಲೀ! ಏಮಿ ಕಾವಾಲಿ?" ಏನು ಬೇಕು, ಹೇಳು ತಾಯಿ. ಮೂವತ್ತು ವರ್ಷದ ಸಂಸಾರದಲ್ಲಿ ನನ್ನನ್ನು ಯಾರಾದರೂ ಹೀಗೆ ಕೇಳಿದ್ದುಂಟೇ?

"ಮಗಳನ್ನ... ಓದೋಕೆ... ಕಳಿಸು!" ಅಂದೆ. ಕುತ್ತಿಗೆ ನೋವಿಗೆ ದನಿ ತಾನಾಗಿಯೇ ಗಡಸಾಗಿತ್ತು.

"ಹಾಸ್ಟೆಲಿಗಾ ತಲ್ಲೀ?"

"ಹೂಂ!"

ಅಲ್ಲಿಗೆ ಸುಮ್ಮನಾಗಬೇಕಿತ್ತು. ನನ್ನ ಗುಣ ಬಿಡಬೇಕಲ್ಲ? ಹಾಸ್ಟೆಲಿನ ಕಿಟಕಿಗಳು ಕಣ್ಣಮುಂದೆ ಬಂದವು. "ಸೊಳ್ಳೆ ಪರದೆ ಕೊಟ್ಟು ಕಳಿಸು! ದಿನಾ ಸಂಜೆ ಫೋನ್ ಮಾಡಿಸು! ಹೊಟ್ಟೆ ತುಂಬ ಉಣ್ಣೋಕೆ ಹೇಳು!"

ಈರಣ್ಣ ಒಂದು ಗಳಿಗೆ ಗಲಿಬಿಲಿಗೊಂಡ. "ಸೊಳ್ಳೆ ಪರದೆನಾ ತಲ್ಲೀ?"

"ಅಮ್ಮೋರು ಹೇಳಿದ್ ಮ್ಯಾಕೆ ಮುಗೀತು, ನಡಿ ಮಾರಾಯ," ಅಂತ ರತ್ನಮ್ಮ ಅವನನ್ನು ಎಳೆದುಕೊಂಡು ಹೋದಳು.

ಆ ಮಧ್ಯಾಹ್ನ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ದೇವಿಯ ಹೆಸರಲ್ಲಿ ಸುಳ್ಳು ಹೇಳಿದೆನಲ್ಲ? ಅವಳಿಗೂ ಉದ್ದ ಕೂದಲಿದೆ, ನನ್ನ ಕಷ್ಟ ಅರ್ಥ ಮಾಡಿಕೊಂಡಾಳು ಅಂತ ಸಮಾಧಾನ ಹೇಳಿಕೊಂಡೆ. ಊಟಕ್ಕೆ ಬಂದ ರತ್ನಮ್ಮನನ್ನು ಮೂಲೆಗೆ ಕರೆದು, "ನಿಜ ಹೇಳಿಬಿಡೋಣ ಕಣೇ, ನಂಗೆ ಭಯ ಆಗ್ತಿದೆ" ಅಂದೆ.

"ಏನ್ ನಿಜ ಅಕ್ಕಾ? ನಾನ್ ಹೇಳ್ತಿದ್ದಿದ್ದೂ ಅದೇ ತಾನೆ? ನನ್ ಕೂದ್ಲು ನೆಟ್ಟಗೈತೆ, ಅದ್ಕೇ ಕಿವಿಗ್ ಬೀಳ್ಲಿಲ್ಲ ಆವಯ್ಯಂಗೆ." ನಗುತ್ತಾ ಹೋಳಿಗೆಗೆ ತುಪ್ಪ ಹಾಕಿಸಿಕೊಂಡಳು.

ಸೋಮವಾರ ಪಾರ್ವತಿ ಕಾಲೇಜು ಸೇರಿದಳು. ಪ್ರತಿ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಾಳೆ. ತೆಳ್ಳಗಾಗಿದ್ದಾಳೆಯೇ, ಫೇಲಾದರೆ ಈರಣ್ಣ ಯಾರನ್ನು ಹಿಡಿದುಕೊಳ್ಳುತ್ತಾನೆ ಅನ್ನುವ ಚಿಂತೆ ಈಗ ನನ್ನದು. ಅವಳಿಗೆ ಈ ಯಾವ ಚಿಂತೆಯೂ ಇಲ್ಲ. ಬಂದವಳೇ ಮೂಳೆಗಳ ಹೆಸರು ಒಪ್ಪಿಸುತ್ತಾ ಎರಡು ಮುದ್ದೆ ಮುಗಿಸುತ್ತಾಳೆ.

ಮೊನ್ನೆ ತಂಗಿಯ ಫೋನು. ಈರಣ್ಣ ಮಿಲ್ಲಿಗೆ ಇನ್ನೊಂದು ಮಿಷನ್ ಹಾಕಬೇಕೋ ಬೇಡವೋ ಅಂತ ಗೊಂದಲದಲ್ಲಿದ್ದಾನಂತೆ. ಅಮ್ಮನವರು ಮತ್ತೆ ಯಾವಾಗ ಬರುತ್ತಾರೆ ಅಂತ ವಿಚಾರಿಸಿದನಂತೆ. ಅದನ್ನಿಡುವಷ್ಟರಲ್ಲಿ ರತ್ನಮ್ಮನ ಫೋನು.

"ಅಕ್ಕಾ, ಬರೋ ಶುಕ್ರವಾರ ಇಲ್ಲೇ ತಲೆ ತೊಳ್ಕಳಿ. ಮಿಷನ್ ಬ್ಯಾಡ ಅನ್ನಿ. ಇರೋದುಕ್ಕೇ ಕೆಲ್ಸ ಇಲ್ಲ."

ಅವಳ ಲೆಕ್ಕಾಚಾರ ಸರಿಯಾಗಿಯೇ ಇದೆ. ಅದೇ ಮಾತು ಅಡುಗೆಮನೆಯಿಂದ ಬಂದರೆ ನಿಮಗೆ ಯಾಕೆ ಕೇಳಿಸುವುದಿಲ್ಲ, ಈರಣ್ಣನವರೇ?