ಒಂದೋ, ಏಳೋ

ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಅದು ಕಪ್ಪೆಳ್ಳಿನ ಕಾಳಿನಂತೆ ಬಿದ್ದುಕೊಂಡಿತ್ತು. ಉಸಿರು ತಾಗಿದರೆ ಹಾರಿಹೋದೀತೆಂದು ನಾನು ಮುಖ ತಿರುಗಿಸಿ ಉಸಿರಾಡುತ್ತಿದ್ದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಣ್ಣಗುಡ್ಡದ ನನ್ನ ರೇಡಿಯೋ ರಿಪೇರಿ ಅಂಗಡಿಗೆ ಗಲ್ಫಿನ ಯಂತ್ರಗಳು ಬರತೊಡಗಿದ್ದವು. ಅವುಗಳ ಹೊಟ್ಟೆಯೊಳಗೆ ಮೈತುಂಬ ಹೆಸರು ಬರೆದುಕೊಂಡ, ಉದ್ದ ಕಾಲಿನ ಹಳೆಯ ಬಿಡಿಭಾಗಗಳಿರಲಿಲ್ಲ. ಸರ್ಕಿಟ್ ಹಲಗೆಯ ಮೈಗೇ ಅಂಟಿಕೊಂಡ ಚೂರುಗಳಿದ್ದವು. ಪೂರ್ತಿ ಹೆಸರಿಗೆ ಜಾಗವಿಲ್ಲವೆಂದು ತಯಾರಕರು ಅವುಗಳ ಬೆನ್ನ ಮೇಲೆ ಒಂದಕ್ಷರ, ಒಂದಂಕೆಯನ್ನಷ್ಟೇ ಒತ್ತಿ ಕೈತೊಳೆದುಕೊಳ್ಳುತ್ತಿದ್ದರು. ಬಲ್ಲವನಿಗೆ ಅಷ್ಟು ಸಾಕು. ಆದರೆ ಅಳಿಸಿದ ಅಕ್ಷರದ ಮುಂದೆ ಬಲ್ಲವನು ಯಾರು ಹೇಳಿ?

ತಟ್ಟೆಯಲ್ಲಿದ್ದ ಚೂರು ಐಸಮ್ಮನವರ ಯಂತ್ರದ್ದು. ಕಂಕನಾಡಿಯ ಐಸಮ್ಮನ ಗಂಡ ಹಸನಬ್ಬನವರಿಗೆ ಸಕ್ಕರೆ ಕಾಯಿಲೆ. ದುಬಾಯಿಯಲ್ಲಿದ್ದ ಮಗ ರಕ್ತದ ಸಕ್ಕರೆ ಅಳೆಯುವ ಪುಟ್ಟ ಯಂತ್ರವೊಂದನ್ನು ಕಳಿಸಿದ್ದ. ಅದು ತೋರಿಸಿದ ಅಂಕೆ ನೋಡಿ, ಡಾಕ್ಟರು ಹೇಳಿಕೊಟ್ಟಂತೆ ಇನ್ಸುಲಿನ್ ಚುಚ್ಚುವುದು ಐಸಮ್ಮನ ಪಾಲಿನ ಕೆಲಸ. ಆ ಯಂತ್ರ ಈಗ ಬಾಯಿ ಮುಚ್ಚಿಕೊಂಡಿತ್ತು.

“ಒಮ್ಮೆ ಮದ್ದು ಜಾಸ್ತಿಯಾಗಿ ಇವರು ಬಿದ್ದೇಬಿಟ್ರು ಶೆಟ್ರೇ. ಮೈಯೆಲ್ಲ ಬೆವರು, ಮಾತಿಲ್ಲ. ಇದು ಇಲ್ಲದೆ ಸೂಜಿ ಹಿಡೀಲಿಕ್ಕೆ ನನಗೆ ಕೈ ಬರುದಿಲ್ಲ,” ಎಂದು ಹೇಳಿ ಅವರು ಯಂತ್ರವನ್ನು ನನ್ನ ಮೇಜಿನ ಮೇಲಿಟ್ಟು ಹೋಗಿದ್ದರು.

ಸುಟ್ಟಿದ್ದದ್ದು ಮೂರು ಕಾಲಿನ, ಒಳಗೆ ಎರಡು ಡಯೋಡುಗಳಿರುವ ಚೂರು. ಡಯೋಡೆಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲು. ಸ್ಪಿರಿಟ್ಟಿನಲ್ಲಿ ಒರೆಸಿ, ಜಗಲಿಯ ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಇಂಗ್ಲಿಷಿನ ‘ಎ’ ಸ್ಪಷ್ಟವಿತ್ತು; ಪಕ್ಕದ ಅಂಕೆಯ ತಲೆ ಕರಕಲಾಗಿತ್ತು. ಒಂದೋ, ಏಳೋ ತಿಳಿಯಲಿಲ್ಲ. ಎ-ಒಂದಾದರೆ ನಡುವಿನ ಕಾಲಿನಿಂದ ಎರಡು ಬಾಗಿಲೂ ಹೊರಕ್ಕೆ ತೆರೆಯುತ್ತವೆ. ಎ-ಏಳಾದರೆ ಒಂದು ಒಳಕ್ಕೆ, ಒಂದು ಹೊರಕ್ಕೆ. ಮೀಟರು ಹಚ್ಚಿದೆ; ಒಂದು ಬಾಗಿಲು ಸತ್ತಿತ್ತು. ಬದುಕುಳಿದಿದ್ದ ಬಾಗಿಲು ಹೊರಕ್ಕೆ ತೆರೆಯುವುದು, ಎ-ಒಂದು, ಎ-ಏಳು ಎರಡರಲ್ಲೂ ಒಂದೇ ತರಹ ಇರುವಂಥದ್ದು. ಸತ್ತದ್ದೇ ಸಾಕ್ಷಿ ಹೇಳಬೇಕಾಗಿತ್ತು.

ತಪ್ಪು ಚೂರು ಹಾಕಿದರೆ ಏನಾದೀತೆಂದು ಆಗ ಹೊಳೆಯಿತು. ರೇಡಿಯೋದಲ್ಲಿ ತಪ್ಪಿದರೆ ಅದು ಗೊರಗುಟ್ಟುತ್ತದೆ, ಹೊಗೆಯಾಡುತ್ತದೆ. ತಪ್ಪು ತಾನೇ ಕೂಗಿ ಹೇಳಿಕೊಳ್ಳುತ್ತದೆ. ಸದ್ದಿಲ್ಲದೆ, ನಗುಮುಖದಿಂದ, ಸುಳ್ಳು ಅಂಕೆಯೊಂದನ್ನು ತೋರಿಸುವ ಯಂತ್ರವನ್ನು ನಾನು ಅದುವರೆಗೆ ಮುಟ್ಟಿರಲಿಲ್ಲ. ಮಾರನೆಯ ದಿನವೂ ಕುಳಿತು ಹಲಗೆಯ ತಾಮ್ರದ ಗೆರೆಗಳನ್ನು ಒಂದೊಂದಾಗಿ ಹಿಂಬಾಲಿಸಿದೆ. ಒಂದು ಹೊರಗಿನ ಕಾಲು ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಮೈನಸ್ಸಿಗೆ, ನಡುವಿನದು ಅಳತೆಯ ತಂತಿಗೆ ಸೇರಿದ್ದವು. ಎರಡೂ ಹೊರಕ್ಕೆ ತೆರೆದರೆ ಅಳತೆಯ ಕರೆಂಟು ಮೈನಸ್ಸಿಗೆ ಸೋರಿಹೋಗುತ್ತದೆ; ಅಲ್ಲಿ ಒಂದು ಒಳಕ್ಕೆ, ಒಂದು ಹೊರಕ್ಕೆ ಇರಲೇಬೇಕು, ಹಾಗಾದರೆ ಏಳು. ಕೆಟ್ಟ ವಿಸಿಆರ್ ಒಂದರಿಂದ ಎ-ಏಳನ್ನು ಬಿಡಿಸಿ ಬೆಸೆದೆ. ಯಂತ್ರ ಬೆಳಗಿತು. ನನ್ನ ಅಂಜಿಕೆ ಆರಲಿಲ್ಲ. ತರ್ಕ ಸರಿಯೆಂದು ತಲೆ ಒಪ್ಪಿಕೊಂಡರೂ ಹಸನಬ್ಬನವರ ಬೆವರಿದ ಮುಖ ಕಣ್ಣೆದುರು ಬಂದು ನಿಲ್ಲುತ್ತಿತ್ತು.

ಐಸಮ್ಮ ಬಂದರು. “ಸರಿಯಾಯ್ತಾ ಶೆಟ್ರೇ?”

“ಅಂಕೆ ಬರ್ತದೆ. ಆದರೆ ಇದನ್ನು ನಂಬಿ ಸೂಜಿ ಹಾಕ್ಬೇಡಿ. ಮೊದಲು ಲ್ಯಾಬಿನಲ್ಲಿ ತಾಳೆ ನೋಡುವ. ನಾನೂ ಬರ್ತೇನೆ.”

“ನಿಮಗೇ ಧೈರ್ಯ ಇಲ್ವಾ?”

“ಇಲ್ಲ,” ಎಂದೆ.

ಅವರು ಸೆರಗು ತಲೆಗೆಳೆದುಕೊಂಡು ಹಸನಬ್ಬನವರನ್ನು ಕರೆತರಲು ಹೊರಟರು.

ಕಂಕನಾಡಿಯ ಲ್ಯಾಬಿನಲ್ಲಿ ಹಸನಬ್ಬನವರ ರಕ್ತ ತೆಗೆದ ಕೂಡಲೇ ಐಸಮ್ಮ ಅವರ ಬೆರಳು ಚುಚ್ಚಿ ನಮ್ಮ ಯಂತ್ರದಲ್ಲೂ ನೋಡಿದರು. ಬಂದ ಅಂಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕಾದೆವು. ಹಸನಬ್ಬ ಮಾತ್ರ ನಿಶ್ಚಿಂತೆಯಿಂದ ತೂಕಡಿಸುತ್ತಿದ್ದರು. ಅಕ್ಷರವಾಗಲಿ, ಅಂಕೆಯಾಗಲಿ, ಮನುಷ್ಯ ಎಷ್ಟು ಸಣ್ಣ ಗುರುತಿಗೆ ಎಷ್ಟು ದೊಡ್ಡ ಜೀವವನ್ನು ಕಟ್ಟಿಹಾಕಿದ್ದಾನಲ್ಲ ಎಂದುಕೊಂಡೆ. ಒಳಗಿನಿಂದ ಚೀಟಿ ಬಂತು. ಎರಡು ಅಂಕೆಗಳೂ ಹತ್ತಿರ ಹತ್ತಿರ ಇದ್ದವು. ಡಾಕ್ಟರು ನೋಡಿ, ಇಷ್ಟು ವ್ಯತ್ಯಾಸ ಇದ್ದದ್ದೇ ಎಂದರು.

ಆಮೇಲೂ ನಾನು ಚೀಟಿ ಹಿಡಿದು ಎರಡೂ ಅಂಕೆಗಳನ್ನು ಮತ್ತೆ ಮತ್ತೆ ತಾಳೆ ನೋಡಿದೆ. ಐಸಮ್ಮ ಗಮನಿಸಿದರು.

“ನಾನು ದಿನಾ ಬೆಳಿಗ್ಗೆ ಸೂಜಿ ಹಿಡಿದು ಹೀಗೇ ಹೆದರ್ತೇನೆ ಶೆಟ್ರೇ,” ಎಂದರು ಮೆಲ್ಲಗೆ. “ಇವತ್ತು ಒಟ್ಟಿಗೆ ಹೆದರ್ಲಿಕ್ಕೆ ಒಬ್ರು ಇದ್ರು.”