ಗೀರು ಹಾಕಿದ ಕಲ್ಲು

ಮೈಸೂರು ಬಿಟ್ಟು ಬಂದ ಈ ಪರದೇಶದಲ್ಲಿ, ಟುವಾಸ್‌ನ ನಮ್ಮ ಕಾರ್ಖಾನೆಯಲ್ಲಿ ನನ್ನ ಪಕ್ಕದ ಟೇಬಲ್ಲಿನಲ್ಲಿ ಕೂರುತ್ತಿದ್ದ ಐರ್ಲೆಂಡಿನವನು ಒಂದು ಮಧ್ಯಾಹ್ನ ಊಟ ಮಾಡುತ್ತಾ, ನನ್ನ ಹೆಸರಿನ ಮುಂದಿರುವ ಎರಡು ಇನಿಷಿಯಲ್ ಏನು ಅಂತ ಕೇಳಿದ. ಮೊದಲನೆಯದು ಊರು, ಎರಡನೆಯದು ಅಪ್ಪ ಎಂದೆ. ಅಪ್ಪನ ಪೂರ್ತಿ ಹೆಸರು ಬರೆದುಕೊಡು ಎಂದು ಟಿಶ್ಯೂ ಪೇಪರ್ ಮುಂದೆ ತಳ್ಳಿದ. ಬರೆದುಕೊಟ್ಟ ಮೇಲೆ ನನಗೆ ಹೆದರಿಕೆ ಶುರುವಾಯಿತು. ಬ್ಯಾಂಕಿನ ಗುಟ್ಟಿನ ಪ್ರಶ್ನೆಗೆ ನಾನು ಕೊಟ್ಟಿದ್ದ ಉತ್ತರ ಅದೇ ಹೆಸರು. ಸಂಜೆಯೇ ಬದಲಾಯಿಸಿದೆ. ಹಗ್ಗ ಕಂಡರೂ ಹಾವು ಅನ್ನುವ ಜಾತಿ ನಂದು.

ಎರಡು ತಿಂಗಳಿಗೆ ಅವನ ಕಾಂಟ್ರಾಕ್ಟ್ ಮುಗಿಯಿತು, ಅವನ ಜಾಗ ನನಗೆ ಬಂತು. ಅವನನ್ನು ಮುಂದುವರಿಸೋಣವೇ ಎಂದು ಮೇಲಿನವರು ಕೇಳಿದಾಗ ನಾನು ಸುಮ್ಮನೆ ಕೂತಿದ್ದೆ. ಹೊರಡುವ ದಿನ ಅವನು ಗೇಣುದ್ದದ ಕರೀಕಲ್ಲೊಂದನ್ನು ನನ್ನ ಕೈಗಿಟ್ಟ. ಅದರ ಅಂಚಿನುದ್ದಕ್ಕೂ ಗೀರುಗಳು: ಕೆಲವು ಎಡಕ್ಕೆ, ಕೆಲವು ಬಲಕ್ಕೆ, ಕೆಲವು ಅಡ್ಡಡ್ಡ. "ಓಗಮ್, ನಮ್ಮ ಹಳೇ ಲಿಪಿ. ಓದಿ ನೋಡು," ಎಂದು ನಕ್ಕ. ಆ ನಗು ನನಗೆ ಸರಿಬರಲಿಲ್ಲ.

ಬುಕಿತ್ ಬಾಟೋಕ್‌ನ ಮನೆಯಲ್ಲಿ ಹೆಂಡತಿ ಕಲ್ಲು ನೋಡಿದ್ದೇ, "ಅವ್ರ ಕೆಲಸ ನಿಮಗೆ ಸಿಕ್ಕಿದೆ. ಇದ್ರಲ್ಲಿ ಮಾಟ-ಗೀಟ ಏನಿದ್ಯೋ! ಮನೇಲಿ ಇಡ್ಬೇಡಿ ರೀ," ಎಂದಳು. ಎಂಜಿನಿಯರ್ ಆದವನು ನಗಬೇಕಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗಾಯಿತು ನನ್ನ ಪಾಡು. ಫೋನಿನಲ್ಲಿ ಆ ಅಕ್ಷರಗಳನ್ನು ಹುಡುಕಿ ಓದಬಹುದಿತ್ತು. ಶಾಪವೇ ಬರೆದಿದ್ದರೆ ಓದಿ ಏನು ಮಾಡಲಿ?

ಮೈಸೂರಿನಲ್ಲಿ ನಾವು ಬೇಡವಾದ ದೇವರ ಪಟಗಳನ್ನು ಅಶ್ವತ್ಥಕಟ್ಟೆಯಲ್ಲಿ ಬಿಟ್ಟುಬರುತ್ತೇವೆ. ನಮ್ಮ ಬ್ಲಾಕಿನ ಹಿಂದಿನ ಮರದ ಬುಡದಲ್ಲೂ ಯಾರು ಯಾರೋ ಬಿಟ್ಟ ಮೂರ್ತಿಗಳಿದ್ದವು. ಕಲ್ಲನ್ನು ಅವುಗಳ ಪಕ್ಕ ಇಟ್ಟು, ಹಿಂದೆ ತಿರುಗಿ ನೋಡದೆ ಬಂದೆ.

ಹತ್ತು ದಿನದ ನಂತರ ಅವನ ಮೆಸೇಜ್ ಬಂತು. "ಓದಿದೆಯಾ? ನಮ್ಮ ಹಳೇ ಕಲ್ಲುಗಳಲ್ಲಿ ಹೆಚ್ಚಾಗಿ ಇರೋದು ಅಷ್ಟೇ, ಇಂಥವನ ಮಗ ಇಂಥವನು ಅಂತ. ನೀನೂ ಅಪ್ಪನನ್ನ ಹೆಸರಿನ ಮುಂದೆ ಇಟ್ಕೊಂಡು ಓಡಾಡ್ತೀಯಲ್ಲ, ಖುಷಿಯಾಯ್ತು. ನಿಮ್ಮಿಬ್ಬರ ಹೆಸರನ್ನೂ ನಾನೇ ಅರದಲ್ಲಿ ಉಜ್ಜಿ ಕೆತ್ತಿದೆ. ಮೂರು ಭಾನುವಾರ ಹಿಡೀತು."

ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದೆ.

ಕಲ್ಲು ಅಲ್ಲೇ ಇತ್ತು. ಯಾರೋ ಅದನ್ನು ನೆಟ್ಟಗೆ ನಿಲ್ಲಿಸಿ, ಮುಂದೆ ಎರಡು ಕಿತ್ತಳೆ ಇಟ್ಟಿದ್ದರು. ಕೆಳಗಿನ ಮಹಡಿಯ ಚೀನೀ ಆಂಟಿ ಊದುಬತ್ತಿ ಹಚ್ಚುತ್ತಿದ್ದರು. ನಾನು ಕೈ ಚಾಚಿದ್ದನ್ನು ನೋಡಿ, "ನಿಮ್ಮ ದೇವರಾ, ಅಂಕಲ್?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಅಲ್ಲ ಆಂಟಿ. ನಮ್ಮಪ್ಪನ ಹೆಸರಿದೆ ಇದ್ರಲ್ಲಿ."

ಅವರು ಊದುಬತ್ತಿ ಹಿಡಿದ ಕೈಯನ್ನು ಕೆಳಗಿಳಿಸಿ, ನನ್ನನ್ನು ತಲೆಯಿಂದ ಕಾಲಿನವರೆಗೂ ಒಮ್ಮೆ ನೋಡಿದರು.

"ಮತ್ತೆ ಹೊರಗ್ಯಾಕೆ ಬಿಟ್ಟಿರಿ?"