ಎಕ್ಸಾಮ್ ಕಟ್ಟಿದವಳು

ನಮ್ಮ ಮೈಸೂರಿನ ಕಡೆ ಕಾಲೇಜಿಗೆ ಹೋಗುವವರು ಪರೀಕ್ಷೆ ಬರೆಯುತ್ತಾರೆ. ಫೇಲಾದವರು ಪರೀಕ್ಷೆ ‘ಕಟ್ಟುತ್ತಾರೆ’. ಇಷ್ಟು ವರ್ಷ ಅಮೆರಿಕದ ವುಡ್‌ರಿಡ್ಜ್‌ನಲ್ಲಿದ್ದು ಈ ವ್ಯತ್ಯಾಸ ನನಗೆ ಮರೆತೇಹೋಗಿತ್ತು.

ಹತ್ತಿರದ ಊರು ಲೆಮಾಂಟ್‌ನ ದೇವಸ್ಥಾನದಲ್ಲಿ ಊಟಕ್ಕೆ ಕೂತಾಗ, ಪಕ್ಕದಲ್ಲಿದ್ದ ಆಂಟಿ ಈಗೇನು ಮಾಡುತ್ತಿದ್ದೀಯ ಎಂದು ಕೇಳಿದರು.

“ಡಿಗ್ರಿಗೆ ಎಕ್ಸಾಮ್ ಕಟ್ಟಿದೀನಿ ಆಂಟಿ,” ಎಂದುಬಿಟ್ಟೆ.

ಅವರ ಮುಖ ಸಣ್ಣದಾಯಿತು. “ಅಯ್ಯೋ, ಎಷ್ಟು ಸಬ್ಜೆಕ್ಟ್ ಹೋಗಿದೆಯಮ್ಮಾ?”

ನನಗೆ ಸಿಟ್ಟು ನೆತ್ತಿಗೇರಿತು. ಒಂದೂ ಹೋಗಿಲ್ಲ ಎಂದೆ. ಇಲ್ಲಿ ಕ್ಲಾಸಿಗೆ ಹೋಗದೆ ಮನೆಯಲ್ಲೇ ಓದಿಕೊಂಡು ಪರೀಕ್ಷೆ ಪಾಸು ಮಾಡಿದರೂ ಕಾಲೇಜಿನವರು ಅದನ್ನು ಡಿಗ್ರಿಗೆ ಸೇರಿಸಿಕೊಳ್ಳುತ್ತಾರೆ, ಮುಕ್ಕಾಲು ಡಿಗ್ರಿ ಹಾಗೇ ಮುಗಿಸಿದ್ದೇನೆ ಎಂದು ಸಾರು ಬಡಿಸುತ್ತಿದ್ದವರಿಗೂ ಕೇಳುವಂತೆ ಹೇಳಿದೆ. ಅಮೆರಿಕದ ಇತಿಹಾಸವನ್ನು ಓದಿದ್ದು ಮಗಳ ಈಜು ಕ್ಲಾಸಿನ ಬೆಂಚಿನ ಮೇಲೆ. ಸಂಖ್ಯಾಶಾಸ್ತ್ರ ಕಲಿಯುವಾಗ ಎಷ್ಟು ಒಗ್ಗರಣೆ ಸೀದುಹೋಯಿತೋ ಲೆಕ್ಕವಿಲ್ಲ. ಪರೀಕ್ಷೆ ಮುಗಿಸಿ ಬಟನ್ ಒತ್ತಿದ ಕೂಡಲೇ ಅಂಕ ಕಂಪ್ಯೂಟರಿನಲ್ಲೇ ಬರುತ್ತದೆ. ಒಂದು ಸಲವೂ ನಾನು ಹೆದರಿ ಕಣ್ಣು ಮುಚ್ಚಿದವಳಲ್ಲ.

ಆಂಟಿ ಮೊಸರನ್ನ ಕಲಸುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಕೈ ತೊಳೆಯಲು ಹೋದಾಗ ನಲ್ಲಿಯ ಹತ್ತಿರ ನನ್ನನ್ನು ನಿಲ್ಲಿಸಿ, ದನಿ ತಗ್ಗಿಸಿ ಹೇಳಿದರು: “ನಂದು ಬಿ.ಎ.ನಲ್ಲಿ ಇಂಗ್ಲಿಷ್ ಹೋಗಿತ್ತು. ಅಷ್ಟರಲ್ಲಿ ಮದುವೆ ಆಯ್ತು, ಕಟ್ಟಲೇ ಇಲ್ಲ. ಈ ವಯಸ್ಸಲ್ಲಿ ಇಲ್ಲಿ ಕಟ್ಟಬಹುದಾ?”

“ಕಟ್ಟೋದೇನು ಆಂಟಿ,” ಎಂದೆ, “ಬರೀರಿ.”